ಏಳನೆಯ ಮಂಚ

ನನ್ನ ತಂಗಿ ಮುನಿಗಂಗಮ್ಮ ಸತ್ತದ್ದು ಆಸ್ಪತ್ರೆಯ ಸೌದೆ ಕೊಠಡಿಯಲ್ಲಿ. ರಿಜಿಸ್ಟರಿನಲ್ಲಿ ಆ ಜಾಗಕ್ಕೆ ಏಳನೆಯ ಮಂಚ ಎಂದು ಬರೆದಿದ್ದಾರೆ. ಅಲ್ಲಿ ಮಂಚ ಇರಲಿಲ್ಲ.

ಇದು ಸಾವಿರದ ಒಂಬೈನೂರ ನಲವತ್ತೊಂದರ ಮಾತು. ಶ್ರೀನಿವಾಸಪುರದ ಹೊರಗೆ, ಮಾವಿನ ತೋಪುಗಳು ಶುರುವಾಗುವ ಕಡೆ, ಆರು ಮಂಚದ ಹೆರಿಗೆ ಆಸ್ಪತ್ರೆ ಇತ್ತು. ಅದನ್ನು ಕಟ್ಟಿಸಿಕೊಟ್ಟವರು ರಾಜಕುಮಾರಿ ಮೋಹನಾಂಬಾ ಅಮ್ಮಣ್ಣಿಯವರು. ಅವರಿಗೆ ಹದಿನೇಳಕ್ಕೆ ಮದುವೆ. ಹತ್ತೊಂಬತ್ತಕ್ಕೆ ಗಂಡ ಹೋದರು. ಅದಾದ ಮೂರು ತಿಂಗಳಿಗೆ ಹೆರಿಗೆಯಾಗಿ ಮಗುವೂ ಉಳಿಯಲಿಲ್ಲ. ಆಮೇಲೆ ಅವರು ಒಡವೆ ಇಟ್ಟುಕೊಳ್ಳಲಿಲ್ಲ. ಇದ್ದದ್ದನ್ನೆಲ್ಲ ಮಾರಿಸಿ ಮಾಲೂರಿನಲ್ಲಿ ಹೆಣ್ಣುಮಕ್ಕಳ ಶಾಲೆ, ಮುಳಬಾಗಿಲಿನಲ್ಲಿ ಅನಾಥಾಲಯ, ನಮ್ಮೂರಿನಲ್ಲಿ ಆಸ್ಪತ್ರೆ ಮಾಡಿಸಿದರು. ನಮ್ಮ ಕೇರಿಯಿಂದ ನನ್ನೊಬ್ಬನನ್ನು ಓದಿಸಿದರು. ನಾನು ಬಿ.ಎ. ಆದದ್ದು ಅವರ ಧರ್ಮದಿಂದ. ಇದು ಸುಳ್ಳಲ್ಲ. ಇದನ್ನು ಬಿಟ್ಟು ಮಿಕ್ಕದ್ದನ್ನು ಹೇಳಿದರೆ ನನ್ನ ಮಾತು ಸುಳ್ಳಾಗುತ್ತದೆ.

ಆಸ್ಪತ್ರೆಯ ಒಳಗೆ, ಬಾಗಿಲಿಗೆ ಎದುರಾಗಿ ಅಮ್ಮಣ್ಣಿಯವರ ಪಟ ಇತ್ತು. ಬಿಳಿ ಸೀರೆ, ಬರಿಗೈ, ಬರಿಗೊರಳು. ನಮ್ಮವ್ವ ಕದಿರಮ್ಮ ದಿನಾ ಬೆಳಿಗ್ಗೆ ಆ ಪಟದ ಕೆಳಗಿನ ನೆಲ ಒರೆಸುತ್ತಿದ್ದಳು. ಪಟವನ್ನು ಮುಟ್ಟುವ ಹಾಗಿರಲಿಲ್ಲ.

"ಆಯಮ್ಮನ ಕಣ್ಣು ನೋಡು," ಅನ್ನುತ್ತಿದ್ದಳು. "ಬಸಿರು ಕಳ್ಕೊಂಡೋರ ಕಣ್ಣು ಹಂಗೇ ಇರ್ತದೆ. ಆಯಮ್ಮಂಗೆ ಗೊತ್ತು ಕಣೋ."

ಅವ್ವ ಸೂಲಗಿತ್ತಿ. ಆಸ್ಪತ್ರೆ ಬರುವುದಕ್ಕೆ ಮೊದಲು ಸುತ್ತಲಿನ ಎಂಟು ಹಳ್ಳಿಗಳಲ್ಲಿ ಅವಳೇ ಮಕ್ಕಳನ್ನು ಎತ್ತಿದವಳು. ನಮ್ಮವರ ಮನೆಗಳಲ್ಲಿ ಅಷ್ಟೇ ಅಲ್ಲ, ರೆಡ್ಡಿಗಳ ಮನೆ, ಶೆಟ್ಟರ ಮನೆಗಳಲ್ಲೂ. ಅದಕ್ಕೊಂದು ಲೆಕ್ಕಾಚಾರ ಇತ್ತು. ಹೆತ್ತ ಹೆಂಗಸಿಗೆ ಹನ್ನೊಂದು ದಿನ ಪುರುಡು. ಆ ಹನ್ನೊಂದು ದಿನ ಅವಳನ್ನು ಅವಳ ಮನೆಯವರೇ ಮುಟ್ಟುವುದಿಲ್ಲ. ಆದ್ದರಿಂದ ಅವ್ವ ಮುಟ್ಟಬಹುದಿತ್ತು. ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಹೊಕ್ಕುಳ ಬಳ್ಳಿ ಕತ್ತರಿಸಿ, ಮಗುವಿನ ಹಿಂದೆ ಬೀಳುವ ಮಾಸು ಹೂತು, ಬಾಣಂತಿಗೆ ನೀರು ಹಾಕಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡುತ್ತಿದ್ದಳು. ಹನ್ನೊಂದನೆಯ ದಿನ ಮನೆ ತೊಳೆದು ಗಂಜಲ ಹಾಕಿದ ಮೇಲೆ ಅವಳು ಮತ್ತೆ ಬೀದಿಯ ಆಚೆ ನಿಲ್ಲಬೇಕು. ತಾನೇ ಎಳೆದು ತೆಗೆದ ಮಗು ಅಂಬೆಗಾಲಿಟ್ಟು ಹತ್ತಿರ ಬಂದರೆ ಅವ್ವ ಹಿಂದಕ್ಕೆ ಸರಿಯುತ್ತಿದ್ದಳು. ನಾನು ಚಿಕ್ಕವನಿದ್ದಾಗ ಅದನ್ನು ಆಟ ಎಂದುಕೊಂಡಿದ್ದೆ.

ಆಸ್ಪತ್ರೆ ಆದ ಮೇಲೂ ಇದೇ ನಡೆಯಿತು. ಡಾಕ್ಟರಮ್ಮ ಒಬ್ಬರು ಬಂದರು. ಅವ್ವನನ್ನು ಆಯಾ ಎಂದು ಇಟ್ಟುಕೊಂಡರು. ರಕ್ತದ ಬಟ್ಟೆ ಒಗೆಯುವುದು, ಬಕೆಟ್ಟು ಎತ್ತುವುದು, ಮಾಸನ್ನು ಹಿಂದಿನ ಗುಂಡಿಗೆ ಹಾಕಿ ಸುಣ್ಣ ಸುರಿಯುವುದು ಅವಳ ಕೆಲಸ. ಆರು ಮಂಚದ ಮೇಲಿನ ಹೆಂಗಸರು ನೋವು ತಡೆಯಲಾರದೆ ಅವಳ ರಟ್ಟೆ ಹಿಡಿದು ಕೂಗುತ್ತಿದ್ದರು. ಸಂಜೆ ಮನೆಗೆ ಬಂದಾಗ ರಟ್ಟೆಯ ಮೇಲೆ ಉಗುರಿನ ಗುರುತು ಇರುತ್ತಿತ್ತು.

ನಮ್ಮ ಕೇರಿಯ ಹೆಂಗಸು ಯಾರೂ ಆ ಮಂಚದ ಮೇಲೆ ಮಲಗಿರಲಿಲ್ಲ. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಗೋಡೆಯ ಕಲ್ಲಿನ ಮೇಲೆ, 'ಸಕಲ ಜಾತಿಮತಗಳ ಸ್ತ್ರೀಯರಿಗೂ ಭೇದವಿಲ್ಲದೆ' ಎಂದು ಕೆತ್ತಿತ್ತು. ಅದನ್ನು ಓದಿ ಕೇರಿಗೆ ಹೇಳಿದವನು ನಾನು.

ಮುನಿಗಂಗಮ್ಮನನ್ನು ರಾಯಲ್ಪಾಡಿಗೆ ಕೊಟ್ಟಿದ್ದೆವು. ಚೊಚ್ಚಲು ಹೆರಿಗೆಗೆ ಮನೆಗೆ ಬಂದಿದ್ದಳು. ಒಂದು ಬೆಳಿಗ್ಗೆ ಬೇನೆ ಶುರುವಾಯಿತು. ಅವ್ವ ಕೈ ಇಟ್ಟು ನೋಡಿದಳು. ಮಗು ಕಾಲು ಮುಂದೆ ಮಾಡಿಕೊಂಡಿತ್ತು. ಅದಕ್ಕೆ ಅವ್ವ ಹೆದರುವವಳಲ್ಲ. ಆದರೆ ನೋವು ಬಲಿಯುವ ಮೊದಲೇ ರಕ್ತ ಹೋಗುತ್ತಿತ್ತು. ಅವ್ವ ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು.

"ಇದು ನನ್ನ ಕೈಯಾಗೆ ಆಗಲ್ಲ. ಸೂಜಿ ಬೇಕು."

"ಆಸ್ಪತ್ರೆಗೆ ಹೋಗೋಣ," ಅಂದೆ.

"ಒಳಕ್ಕೆ ಬಿಟ್ಕೊಳ್ತಾರೇನೋ?"

"ಕಲ್ಲಲ್ಲಿ ಬರೆದಿದ್ದಾರಲ್ಲವ್ವ."

ಅವ್ವ ಪಟದ ಮೇಲೆ ನಂಬಿಕೆ ಇಟ್ಟಿದ್ದಳು. ನಾನು ಕಲ್ಲಿನ ಮೇಲೆ. ಮುನಿಗಂಗಮ್ಮ ನಮ್ಮಿಬ್ಬರ ಮೇಲೆ.

ಅವಳ ಗಂಡ ಗಂಗುಲಪ್ಪನೂ ನಾನೂ ಹಗ್ಗದ ಮಂಚದ ಮೇಲೆ ಅವಳನ್ನು ಹೊತ್ತುಕೊಂಡು ಹೋದೆವು. ಒಂದು ಮೈಲಿ. ಆಸ್ಪತ್ರೆಯ ಮೆಟ್ಟಿಲ ಮೇಲೆ ಇಳಿಸಿದೆವು. ಡಾಕ್ಟರಮ್ಮ ಬಾಗಿಲಿಗೆ ಬಂದು ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ರೋಗ ಅವರಿಗೆ ಅರ್ಥವಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಒಳಗೆ ಐದು ಮಂಚದಲ್ಲಿ ಹೆಂಗಸರಿದ್ದರು. ಆರನೆಯದು ಖಾಲಿ ಇತ್ತು. ಬಿಳಿ ಬಟ್ಟೆ ಹಾಸಿತ್ತು. ಹೊರಗಿನಿಂದಲೇ ಕಾಣುತ್ತಿತ್ತು.

ಮೊದಲನೆಯ ಮಂಚದ ಹತ್ತಿರ ಕುಳಿತಿದ್ದ ರೆಡ್ಡಿ ಮನೆಯ ಅತ್ತೆ ಎದ್ದು ನಿಂತರು. ಹಿಂದಿನ ದಿನ ತಾನೆ ಅವರ ಸೊಸೆ ಅವ್ವನ ರಟ್ಟೆ ಹಿಡಿದು ಹೆತ್ತಿದ್ದಳು. ಆಕೆ ತೆಲುಗಿನಲ್ಲಿ ಕೂಗಿದರು. "ಏಮಮ್ಮಾ ಡಾಕ್ಟರಮ್ಮಾ! ಆ ಪಿಲ್ಲ ಲೋಪಲಿಕಿ ವಸ್ತೇ ಮೇಮು ಬಂಡಿ ಕಟ್ಟಿಸ್ತಾಮು!" ಆ ಹುಡುಗಿ ಒಳಗೆ ಬಂದರೆ ನಾವು ಗಾಡಿ ಕಟ್ಟಿಸಿಕೊಂಡು ಹೊರಡುತ್ತೇವೆ ಎಂದು. ಉಳಿದವರ ಕಡೆಯವರೂ ಎದ್ದರು.

ಡಾಕ್ಟರಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಿಂತರು. ಒಂದು ಸಲ ಒಳಗೆ, ಒಂದು ಸಲ ಹೊರಗೆ ನೋಡಿದರು.

"ನಿಮ್ಮೋರಿಗೆ ಅಂತ ಹಿಂದೆ ಏಳನೇ ಮಂಚ ಇದೆ," ಅಂದರು. "ಕಮಿಟಿಯೋರು ಮಾಡಿರೋದು. ಆ ಕೊಠಡೀಲಿ ಸೌದೆ ತುಂಬಿದ್ದಾರೆ. ಬೇಗ ಖಾಲಿ ಮಾಡ್ಕೊಳ್ಳಿ. ನಾನು ಬರ್ತೀನಿ."

ಸೌದೆ ಹೊತ್ತವರು ನಾವೇ. ಹುಣಸೆ ಸೌದೆ. ಒಂದೊಂದು ತುಂಡಿಗೂ ಹೆಗಲು ಕೊಡಬೇಕು. ಗಂಗುಲಪ್ಪ ಅಳುತ್ತ ಹೊತ್ತ. ನಾನು ಅಳಲಿಲ್ಲ. ನನ್ನ ಬಿಳಿ ಷರಟಿಗೆ ತೊಗಟೆಯ ಧೂಳು ಹತ್ತಿತು. ಪ್ರತಿ ಸಲ ಹೊರಗೆ ಬಂದಾಗಲೂ ಮುನಿಗಂಗಮ್ಮ ಕಾಣುತ್ತಿದ್ದಳು. ಮೆಟ್ಟಿಲಿನ ಮೇಲೆ ಅವ್ವನಿಗೆ ಒರಗಿ ಕುಳಿತಿದ್ದಳು. ಒಮ್ಮೆ, "ಅಣ್ಣಾ, ಇನ್ನೂ ಎಷ್ಟು ಐತೆ?" ಅಂದಳು. "ಆಯ್ತಮ್ಮ," ಅಂದೆ. ಆಗಿರಲಿಲ್ಲ. ರಕ್ತ ಮೂರನೆಯ ಮೆಟ್ಟಿಲಿಗೆ ಇಳಿದಿತ್ತು.

ಅರ್ಧ ಕೊಠಡಿ ಖಾಲಿಯಾದಾಗ ಅವ್ವ, "ಸಾಕು ಬಿಡ್ರೋ," ಅಂದಳು. ಹಗ್ಗದ ಮಂಚ ಹಿಡಿಸುವಷ್ಟು ಜಾಗ ಇನ್ನೂ ಆಗಿರಲಿಲ್ಲ. ಉಳಿದ ಸೌದೆಯ ಪಕ್ಕ ಗೋಣಿ ಹಾಸಿ ಮಲಗಿಸಿದೆವು. ಅವ್ವನ ಕೈಯಲ್ಲೇ ಮಗು ಬಂತು. ಹೆಣ್ಣು. ಅತ್ತಿತು. ಡಾಕ್ಟರಮ್ಮ ಓಡಿಬಂದು ಸೂಜಿ ಹಾಕಿದರು. ತಡವಾಗಿತ್ತು. ಮಾಸು ಬೀಳುವ ಹೊತ್ತಿಗೆ ಮುನಿಗಂಗಮ್ಮ ಇರಲಿಲ್ಲ.

ಅವ್ವ ಕೂಗಲಿಲ್ಲ. ಬಳ್ಳಿ ಕತ್ತರಿಸಿದಳು. ಮಗುವನ್ನು ಒರೆಸಿದಳು. ಮಾಸನ್ನು ಮಡಕೆಗೆ ಹಾಕಿದಳು. ಆಮೇಲೆ ಮಗಳ ಕಾಲುಗಳನ್ನು ಜೋಡಿಸಿ, ಸೀರೆ ಎಳೆದಳು. ದಿನಾ ಮಾಡುವ ಕೆಲಸವನ್ನು ದಿನಾ ಮಾಡುವ ಹಾಗೆಯೇ ಮಾಡಿದಳು. ನಾನು ಬಾಗಿಲ ಬಳಿ ನಿಂತು ನೋಡಿದೆ. ನನಗೂ ಏನೂ ಆಗಲಿಲ್ಲ. ಭುಜ ಮಾತ್ರ ನೋಯುತ್ತಿತ್ತು.

ಮೂರು ದಿನ ಬಿಟ್ಟು ಅವ್ವ ಮತ್ತೆ ಕೆಲಸಕ್ಕೆ ಹೋದಳು. ನಾನು ಬೇಡ ಎನ್ನಲಿಲ್ಲ. ಮನೆಯಲ್ಲಿ ನಾವಿಬ್ಬರೂ ಮಾತಾಡುವುದು ನಿಂತುಹೋಗಿತ್ತು. ಪಕ್ಕದ ಮನೆಯ ಆಂಜಿನಮ್ಮನ ಅಕ್ಕನಿಗೆ ಕೂಸಿತ್ತು. ಅವಳೇ ನಮ್ಮ ಮಗುವಿಗೂ ಹಾಲು ಕೊಡುತ್ತಿದ್ದಳು. ಆಂಜಿನಮ್ಮ ತಾನೂ ಏಳು ತಿಂಗಳ ಬಸುರಿ. ಮಗುವನ್ನು ತಂದು ಒಪ್ಪಿಸುವಾಗ ಅವಳು ಅವ್ವನ ಮುಖ ನೋಡುತ್ತಿದ್ದಳು. ಏನೋ ಕೇಳಬೇಕು ಅನ್ನುವ ಹಾಗೆ. ಕೇಳುತ್ತಿರಲಿಲ್ಲ.

ಎಂಟನೆಯ ದಿನ ಕೋದಂಡರಾಮಪ್ಪನವರು ಕೇರಿಯ ಅಂಚಿಗೆ ಬಂದರು. ಆಸ್ಪತ್ರೆ ಕಮಿಟಿಯ ಅಧ್ಯಕ್ಷರು. ಒಳಗೆ ಬರಲಿಲ್ಲ. ಹೊಂಗೆ ಮರದ ಕೆಳಗೆ ನಿಂತು ನನ್ನನ್ನೂ ಅವ್ವನನ್ನೂ ಕರೆಸಿದರು.

"ಬರೋ ಬುಧವಾರ ಅಮ್ಮಣ್ಣಿಯವರ ಸವಾರಿ ಬರ್ತದೆ. ಹರಿಜನರ ಮಗು ನಮ್ಮ ಆಸ್ಪತ್ರೇಲಿ ಹುಟ್ಟಿದ್ದು ಕೇಳಿ ಅವರಿಗೆ ಬಹಳ ಸಂತೋಷ ಆಗಿದೆ. ತಾವೇ ತೊಟ್ಟಿಲಿಗೆ ಹಾಕಿ ಹೆಸರಿಡ್ತಾರಂತೆ. ಫೋಟೋದವನು ಕೋಲಾರದಿಂದ ಬರ್ತಾನೆ. ಏನ್ ಕದಿರಮ್ಮ, ನಿನ್ನ ಅದೃಷ್ಟ!"



"ತಾಯಿ ಎಲ್ಲಿ ಅಂತ ಕೇಳಿದ್ರೆ?" ಅಂದೆ.

"ಸ್ನಾನಕ್ಕೆ ಹೋಗಿದ್ದಾಳೆ ಅನ್ನೋಣ." ಅವರು ಕೋಲಿನಿಂದ ನೆಲ ಕೆದಕಿದರು. "ಅಮ್ಮಣ್ಣಿಯವರಿಗೆ ಸಾವಿನ ಸುದ್ದಿ ತಡೆಯೋಕಾಗಲ್ಲ ಕಣಯ್ಯ. ಮೃದು ಮನಸ್ಸು. ನೀನು ಓದಿರೋನು, ನಿಂಗೆ ಅರ್ಥ ಆಗ್ತದೆ. ಆ ಬಿನ್ನವತ್ತಳೆ ಬರೆದಿದ್ದೀಯಲ್ಲ, ಅದನ್ನ ನೀನೇ ಓದು. ಮಾಲೂರಿನ ಶಾಲೇಲಿ ಮೇಷ್ಟ್ರ ಕೆಲಸ ಖಾಲಿ ಇದೆ. ನಾನು ಹೇಳ್ತೀನಿ. ಮಗುಗೂ ಅವರು ಏನಾದ್ರೂ ದಾರಿ ಮಾಡ್ತಾರೆ."

ಅಮ್ಮಣ್ಣಿಯವರ ಸವಾರಿ ಬಂದಾಗ ಓದಲೆಂದು ಆ ಬಿನ್ನವತ್ತಳೆಯನ್ನು ನಾನು ತಿಂಗಳ ಹಿಂದೆಯೇ ಬರೆದಿದ್ದೆ. ಒಳ್ಳೆಯ ಕನ್ನಡ. ಕಲ್ಲಿನ ಮೇಲಿದ್ದ ಮಾತನ್ನು ಅದರಲ್ಲೂ ಸೇರಿಸಿದ್ದೆ.

"ತರ್ತೀನಿ ಸ್ವಾಮಿ," ಅಂದಳು ಅವ್ವ.

ನಾನು ಅವಳ ಕಡೆ ನೋಡಿದೆ. ಅವಳು ಹೊರಟುಹೋಗಿದ್ದಳು.

ಬುಧವಾರಕ್ಕೆ ಮಗುವಿಗೆ ಹದಿಮೂರು ದಿನ. ಆಸ್ಪತ್ರೆಯಲ್ಲಿ ಎರಡು ದಿನದಿಂದ ಗಡಿಬಿಡಿ. ಅಮ್ಮಣ್ಣಿಯವರು ವ್ರತದಲ್ಲಿದ್ದರು, ಪುರುಡು ತಾಗಬಾರದು. ಅದಕ್ಕೆ ನಿಜವಾದ ಬಾಣಂತಿಯರನ್ನೆಲ್ಲ ಮನೆಗೆ ಕಳಿಸಿದರು. ಪುರುಡು ಕಳೆದು ತಿಂಗಳುಗಳಾದ ಹೆಂಗಸರನ್ನು ಊರಿನ ದೊಡ್ಡ ಮನೆಗಳಿಂದ ಕರೆತಂದು ಐದು ಮಂಚದ ಮೇಲೆ ಮಲಗಿಸಿದರು. ರೇಷ್ಮೆ ಸೀರೆ ಉಟ್ಟುಕೊಂಡು ಮಲಗಿದ್ದರು. ಒಂದು ಮಗುವಿಗಂತೂ ಹಲ್ಲು ಬಂದಿತ್ತು. ಆರನೆಯ ಮಂಚದ ಪಕ್ಕ ಬೆಳ್ಳಿ ತೊಟ್ಟಿಲು. ನೆಲವನ್ನು ಸಗಣಿ ಗಂಜಲ ಹಾಕಿ ಸಾರಿಸಿ, ರಂಗೋಲಿ ಬಿಟ್ಟು, ಪುರೋಹಿತರಿಂದ ನೀರು ಚಿಮುಕಿಸಿದರು. ಅವ್ವ ಬೆಳಿಗ್ಗೆ ಬಕೆಟ್ಟು ತೆಗೆದುಕೊಳ್ಳಲು ಹೋದಾಗ ಜವಾನ ಅಡ್ಡ ನಿಂತ.

"ಮಡಿ ಆಗೈತೆ, ಕದಿರಕ್ಕ. ಇವತ್ತು ಒಳಕ್ಕೆ ಬರಬ್ಯಾಡ."

ಎಲ್ಲವನ್ನೂ ಮಾಡಿದ ಅವರು ಒಂದನ್ನು ಯೋಚಿಸಿರಲಿಲ್ಲ. ಬಾಗಿಲಿನಿಂದ ತೊಟ್ಟಿಲಿಗೆ ಇಪ್ಪತ್ತು ಹೆಜ್ಜೆ. ನಮ್ಮ ಮಗುವನ್ನು ಆ ಇಪ್ಪತ್ತು ಹೆಜ್ಜೆ ಎತ್ತಿಕೊಂಡು ಹೋಗುವವರು ಯಾರು?

ಕಾರು ಬಂತು. ಹಾರ ಹಾಕಿದರು. ಅಮ್ಮಣ್ಣಿಯವರು ಪಟಕ್ಕಿಂತ ತೆಳ್ಳಗಿದ್ದರು. ನೆಲ ನೋಡಿಕೊಂಡು ನಡೆದರು. ಒಳಗೆ ಹೋಗಿ ಒಂದೊಂದು ಮಂಚದ ಹತ್ತಿರವೂ ನಿಂತು ಆ ಸುಳ್ಳು ಬಾಣಂತಿಯರಿಗೆ ಹಣ್ಣು ಕೊಟ್ಟರು. ಡಾಕ್ಟರಮ್ಮ ಅವರ ಪಕ್ಕ ಬಿಟ್ಟು ಕದಲುವ ಹಾಗಿರಲಿಲ್ಲ. ತೊಟ್ಟಿಲ ಹತ್ತಿರ ಬಂದು ಅಮ್ಮಣ್ಣಿಯವರು ತಾಯಿ ಎಲ್ಲಿ ಎಂದು ಕೇಳಿದರು; ಸ್ನಾನಕ್ಕೆ ಹೋಗಿದ್ದಾಳೆ ಎಂದರು ಕೋದಂಡರಾಮಪ್ಪ. ಅಮ್ಮಣ್ಣಿಯವರು ಮಗುವಿಗಾಗಿ ಕಾದರು. ಫೋಟೋದವನು ಕರಿಬಟ್ಟೆಯೊಳಗೆ ತಲೆ ಹಾಕಿ ಕಾದ.

ಅವ್ವ ಹೊಸ್ತಿಲ ಹೊರಗೆ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

ಕೋದಂಡರಾಮಪ್ಪ ಜವಾನನನ್ನು ನೋಡಿದರು. ಜವಾನ ಕಮಿಟಿಯ ಇನ್ನೊಬ್ಬ ಮೆಂಬರನ್ನು ನೋಡಿದ. ಮೆಂಬರು ಪುರೋಹಿತರನ್ನು ನೋಡಿದರು. ಯಾರೂ ಕೈ ಚಾಚಲಿಲ್ಲ. ಹಲ್ಲು ಬಂದ ಮಗು ರಂಗೋಲಿ ಕಡೆ ಕೈಮಾಡಿ ನಕ್ಕಿತು.

"ನೀನೇ ತಂದುಬಿಡು ಕದಿರಮ್ಮ," ಕೋದಂಡರಾಮಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದರು. "ಪರವಾಗಿಲ್ಲ. ಬೇಗ ಬಂದು ಹಾಕ್ಬಿಟ್ಟು ಹೋಗು."

"ಬರಲ್ಲ," ಅಂದಳು ಅವ್ವ.

"ಏನಂದೆ?"

"ಬರಲ್ಲ ಅಂದೆ ಸ್ವಾಮಿ. ಹದಿಮೂರು ದಿನದ ಹಿಂದೆ ಬಂದಿದ್ದೆ. ಆಗ ಬಿಡ್ಲಿಲ್ಲ."

ಹೊಸ್ತಿಲ ಹೊರಗೆ, ಆ ಮೇಲಿನ ಮೆಟ್ಟಿಲಿನ ಮೇಲೆ ಅವ್ವ ಕುಳಿತುಕೊಂಡಳು. ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಓದೋ, ಬಿನ್ನವತ್ತಳೆ ಓದೋ!" ಕೋದಂಡರಾಮಪ್ಪ ನನ್ನ ಕಡೆ ತಿರುಗಿದರು. "ಜೋರಾಗಿ ಓದು!"

ಕಾಗದ ನನ್ನ ಕೈಯಲ್ಲಿತ್ತು. ಅಕ್ಷರಗಳು ಕಾಣುತ್ತಿದ್ದವು. ಬಾಯಿ ತೆರೆದೆ. ದನಿ ಬರಲಿಲ್ಲ. ಕೇರಿಯವರು ಆಮೇಲೆ ಅದನ್ನು ದೊಡ್ಡ ಧೈರ್ಯ ಎಂದರು. ನನಗೆ ಹಾಗೆ ಅನ್ನಿಸಿಲ್ಲ. ಮಾತಾಡಬೇಕಾದ ದಿನ ನಾನು ಸೌದೆ ಹೊತ್ತಿದ್ದೆ.

ಅಷ್ಟರಲ್ಲಿ ಅಮ್ಮಣ್ಣಿಯವರೇ ಬಾಗಿಲಿಗೆ ಬಂದರು. ಜನ ಸರಿದರು. ಅವರು ಅವ್ವನನ್ನು ನೋಡಲಿಲ್ಲ. ಮಗುವನ್ನೇ ನೋಡಿದರು. ಆಮೇಲೆ ಎರಡೂ ಕೈಗಳನ್ನು ಚಾಚಿದರು. ಪುರೋಹಿತರು "ಅಮ್ಮಣ್ಣೀ..." ಎಂದು ಏನೋ ಹೇಳಹೊರಟರು. ಅವರು ಕೇಳಿಸಿಕೊಳ್ಳಲಿಲ್ಲ. ಮಗುವಿನ ತಲೆಗೆ ಆಸರೆಯಾಗಲು ಒಂದು ಅಂಗೈ ಆಗಲೇ ಬಾಗಿತ್ತು. ಅದು ನಾಟಕ ಆಗಿರಲಿಲ್ಲ. ಅದಕ್ಕೇ ನನಗೆ ಅದನ್ನು ಮರೆಯಲು ಆಗಿಲ್ಲ.

"ಕೊಡಮ್ಮ," ಅಂದರು.

"ಕೊಡಲ್ಲ ತಾಯಿ," ಅಂದಳು ಅವ್ವ.

ಸಿಟ್ಟಿನಿಂದ ಹೇಳಲಿಲ್ಲ. ಮನೆಯಲ್ಲಿ ರಾಗಿ ಇಲ್ಲ ಅನ್ನುವಾಗ ಹೇಳುವ ಹಾಗೆ ಹೇಳಿದಳು.

"ಇದರ ತಾಯಿ ಸ್ನಾನಕ್ಕೆ ಹೋಗಿಲ್ಲ. ಸತ್ತೋದ್ಳು. ಹಿಂದುಗಡೆ, ಸೌದೆ ಇಕ್ಕೋ ಕಡೆ. ಈ ಮೆಟ್ಟಿಲ ಮೇಲೆ ಕುಂತಿದ್ಳು. ಒಳಗೆ ಮಂಚ ಖಾಲಿ ಇತ್ತು. ನಿಮ್ಮ ಮಂಚಾನೇ ತಾಯಿ. ನೀವು ಕೊಟ್ಟಿದ್ದು. ನಾನು ಹಾಸಿದ್ದೆ ಅದರ ಬಟ್ಟೆ, ಹಿಂದಿನ ಸಂಜೆ."

ಚಾಚಿದ ಕೈಗಳು ಹಾಗೆಯೇ ಇದ್ದವು.

"ಎಲ್ಲಿ?" ಅಂದರು ಅಮ್ಮಣ್ಣಿಯವರು.

ಅವ್ವ ಗಲ್ಲದಿಂದ ಹಿಂಭಾಗದ ಕಡೆ ತೋರಿಸಿದಳು. ಕೋದಂಡರಾಮಪ್ಪ ಆ ದಾರಿಗೆ ಅಡ್ಡ ಬಂದರು. "ಅಲ್ಲೇನೂ ಇಲ್ಲ ಬುದ್ಧಿ, ಬರೀ ಕಸ. ತಮ್ಮ ಪಾದ ಅಲ್ಲಿಗೆ..." ಅಮ್ಮಣ್ಣಿಯವರ ಕಾರ್ಯದರ್ಶಿ ಗಡಿಯಾರ ನೋಡಿ, ಮುಳಬಾಗಿಲಿನ ಅನಾಥಾಲಯದಲ್ಲಿ ಮಕ್ಕಳು ಬಿಸಿಲಿನಲ್ಲಿ ನಿಂತಿರುತ್ತಾರೆ ಎಂದರು.

ಅಮ್ಮಣ್ಣಿಯವರು ಹತ್ತು ಹೆಜ್ಜೆ ನಡೆದಿದ್ದರೆ ಆ ಕೊಠಡಿ ಕಾಣುತ್ತಿತ್ತು. ಅವರು ನಡೆಯುತ್ತಾರೆ ಎಂದು ನಾನು ಕಾದೆ. ಅವ್ವನೂ ಕಾದಳು ಎಂದು ತೋರುತ್ತದೆ. ಅಮ್ಮಣ್ಣಿಯವರು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ಮೆಟ್ಟಿಲು ಇಳಿದು ಕಾರಿನ ಕಡೆ ಹೋದರು. ಅವ್ವ ಕುಳಿತ ಜಾಗ ಬಿಟ್ಟು ಪಕ್ಕದಿಂದ ಇಳಿದರು.

ಮಾರನೆಯ ದಿನದಿಂದ ಅವ್ವ ಕೆಲಸಕ್ಕೆ ಹೋಗಲಿಲ್ಲ. ಜವಾನ ಕೇರಿಯ ಬೇರೆ ಹೆಂಗಸರನ್ನು ಕರೆಯಲು ಬಂದ. ಯಾರೂ ಏಳಲಿಲ್ಲ. ಅವ್ವ ಯಾರಿಗೂ ಹೋಗಬೇಡಿ ಎಂದು ಹೇಳಿರಲಿಲ್ಲ. ಆ ಬಕೆಟ್ಟು, ಆ ಬಟ್ಟೆ, ಆ ಗುಂಡಿಯನ್ನು ಊರಿನ ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಹತ್ತು ದಿನಕ್ಕೆ ಆಸ್ಪತ್ರೆ ನಾರತೊಡಗಿತು. ಬಾಣಂತಿಯರು ಒಬ್ಬೊಬ್ಬರೇ ಗಾಡಿ ಕಟ್ಟಿಸಿಕೊಂಡು ಹೋದರು. ನೊಣದ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು ಎಂದು ಹಾಲಿನವರು ಹೇಳಿದರು. ನನ್ನ ಮಾಲೂರಿನ ಕೆಲಸ ಬೇರೆಯವರಿಗೆ ಹೋಯಿತು. ನಾನು ಮಾವಿನ ತೋಪಿನಲ್ಲಿ ಕೂಲಿಗೆ ಸೇರಿದೆ.

ಅಮ್ಮಣ್ಣಿಯವರಿಂದ ಆಜ್ಞೆ ಬಂತು. ಅವರು ಮರೆತಿರಲಿಲ್ಲ. ಹರಿಜನ ಸ್ತ್ರೀಯರಿಗಾಗಿಯೇ ಪ್ರತ್ಯೇಕವಾಗಿ, ಆಸ್ಪತ್ರೆಯ ಹಿಂದೆ, ಎರಡು ಮಂಚದ ಕಟ್ಟಡ. ಪೂರ್ತಿ ಖರ್ಚು ಅವರದೇ. ಮೇಸ್ತ್ರಿ ಬಂದು ಸುಣ್ಣದಲ್ಲಿ ಪಾಯದ ಗೆರೆ ಎಳೆದ. ಪಾಯ ತೋಡಲು ಕೇರಿಯವರು ಬರಬೇಕು ಎಂದು ಕೋದಂಡರಾಮಪ್ಪ ಹೊಂಗೆ ಮರದ ಕೆಳಗೆ ಬಂದು ನಿಂತರು.

"ನಿಮಗೇ ಕಣ್ರೋ ಕಟ್ತಿರೋದು! ನಿಮ್ಮ ಹೆಂಗಸರಿಗೆ! ಇನ್ನೇನ್ರೋ ಬೇಕು ನಿಮಗೆ?"

ಕೇರಿಯ ಹಿರಿಯ ಆವಲಪ್ಪ ತಾತ ಕುಳಿತಲ್ಲಿಂದ ಏಳಲಿಲ್ಲ. ಬೀಡಿ ಆರಿಸಿ ಕಿವಿಯ ಮೇಲೆ ಇಟ್ಟುಕೊಂಡ.

"ಅಲ್ಲಿ ಆರು ಮಂಚ ಅವೆಯಲ್ಲ ಸ್ವಾಮಿ," ಅಂದ. "ಅವೇ ಸಾಕು ನಮಗೆ."

ಕೋದಂಡರಾಮಪ್ಪ ಬಹಳ ಹೊತ್ತು ಬೈದರು. ನಾವು ಕೇಳಿಸಿಕೊಂಡೆವು. ಅವರು ಹೋದರು. ಪಾಯ ತೋಡಲು ಯಾರೂ ಹೋಗಲಿಲ್ಲ.

ಆಂಜಿನಮ್ಮನಿಗೆ ಬೇನೆ ಬಂದದ್ದು ಅದಾದ ಮೇಲೆ, ಒಂದು ಮಧ್ಯಾಹ್ನ. ಅವ್ವ ನೋಡಿದಳು. ಎಲ್ಲ ಸರಿಯಾಗಿತ್ತು. ಮನೆಯಲ್ಲೇ ಆಗುವ ಹೆರಿಗೆ. ಅವ್ವ ಹೊರಗೆ ಬಂದು, "ಎತ್ರೋ," ಅಂದಳು.

"ಯಾಕವ್ವ? ಸಲೀಸಾಗಿ ಐತಲ್ಲ?" ಅಂದೆ.

"ಸಲೀಸಾಗಿ ಇರೋವಾಗ್ಲೇ ಹೋಗ್ಬೇಕು."

ಆಂಜಿನಮ್ಮ ಹಲ್ಲು ಕಚ್ಚಿಕೊಂಡು, "ನಡೀರಿ," ಅಂದಳು. ನಾಲ್ಕು ಜನ ಹೊತ್ತೆವು. ಹಿಂದೆ ಕೇರಿಯ ಹೆಂಗಸರು ಬಂದರು. ಆವಲಪ್ಪ ತಾತನೂ ಕೋಲೂರಿಕೊಂಡು ಬಂದ. ಯಾರೂ ಕೂಗಲಿಲ್ಲ.

ಡಾಕ್ಟರಮ್ಮ ಬಾಗಿಲಲ್ಲಿ ನಿಂತಿದ್ದರು. ಮೂಗಿಗೆ ಕರ್ಚೀಫು ಹಿಡಿದುಕೊಂಡಿದ್ದರು. ಅವರ ಹಿಂದೆ ಎರಡು ಮಂಚದಲ್ಲಿ ಮಾತ್ರ ಹೆಂಗಸರು ಕಾಣುತ್ತಿದ್ದರು. ಅವ್ವ ಮೆಟ್ಟಿಲು ಹತ್ತಿ ಅವರ ಎದುರಿಗೆ ನಿಂತಳು.

"ಜರುಗಮ್ಮ."

ಡಾಕ್ಟರಮ್ಮ ಅವ್ವನ ಮುಖ ನೋಡಿದರು. ಅವರ ಕಣ್ಣು ತುಂಬಿತು. ಅವ್ವನ ಕಣ್ಣು ತುಂಬಲಿಲ್ಲ. ಅವರು ಪಕ್ಕಕ್ಕೆ ಸರಿದರು.

ಮೂರನೆಯ ಮಂಚದ ಮೇಲೆ ಆಂಜಿನಮ್ಮನನ್ನು ಮಲಗಿಸಿದೆವು. ಬಾಗಿಲ ಪಕ್ಕದ ಮಂಚದ ಹೆಂಗಸನ್ನು ಅವಳ ಮನೆಯವರು ಎಬ್ಬಿಸಿಕೊಂಡು ಹೊರಟರು. ಇನ್ನೊಬ್ಬಳು ನೇಕಾರರ ಮನೆಯವಳು. ನೋವು ಜೋರಾಗಿತ್ತು. ಅವಳ ತಾಯಿ ಅವಳ ಕೈ ಹಿಡಿದು ಎಳೆದಳು. "ನಾನು ಎಲ್ಲಿಗೂ ಬರಲ್ಲ, ಹೋಗೇ ಅತ್ಲಾಗೆ!" ಎಂದು ಅವಳು ಕಿರುಚಿ ಗೋಡೆ ಕಡೆ ತಿರುಗಿಕೊಂಡಳು.

ಗಂಡಸರು ಹೊರಗೆ ಬಂದೆವು. ಸಂಜೆಯ ಹೊತ್ತಿಗೆ ಎರಡು ಮಕ್ಕಳು ಅತ್ತದ್ದು ಕೇಳಿಸಿತು, ಒಂದರ ಹಿಂದೆ ಒಂದು. ಆವಲಪ್ಪ ತಾತ ಬೀಡಿ ಹೊತ್ತಿಸಿದ. ನಾನು ಮುನಿಗಂಗಮ್ಮ ಸತ್ತು ಎಷ್ಟು ದಿನವಾಯಿತೆಂದು ಎಣಿಸಿದೆ. ಐವತ್ತನಾಲ್ಕು.

ಅವ್ವ ಹೊರಗೆ ಬಂದಳು. "ನಮ್ಮೋಳು ಮಲಗಿರೋ ಕಡೆ ನಾತ ಇರಬಾರ್ದು," ಅಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತುಂಬಿ ಹುಳ ಬಿದ್ದಿದ್ದ ಬಕೆಟ್ಟುಗಳಲ್ಲಿ ಎರಡನ್ನು ಎರಡು ಕೈಯಲ್ಲಿ ಎತ್ತಿಕೊಂಡು ಗುಂಡಿಯ ಕಡೆ ನಡೆದಳು. ಇನ್ನೂ ಒಂಬತ್ತು ಉಳಿದಿದ್ದವು. ನಾನು ಹೋಗಿ ಒಂದನ್ನು ಎತ್ತಿಕೊಂಡೆ.